ಬೈದವರೂ ನಾವೇ, ನಿಂತಾಗ ಅತ್ತವರೂ ನಾವೇ

ಪ್ರಶ್ನೆ: ರಾಬರ್ಟ್ ಜೋರ್ಡನ್ ಅವರ ‘ದಿ ವೀಲ್ ಆಫ್ ಟೈಮ್’ ಫ್ಯಾಂಟಸಿ ಕಾದಂಬರಿ ಸರಣಿಯನ್ನು ಕಾಲೇಜು ದಿನಗಳಿಂದ ಇಲ್ಲಿಯತನಕ ಮೂರು ಸಲ ಓದಿದ್ದೇನೆ. ಅದು ಓಟಿಟಿಯಲ್ಲಿ ಸೀರೀಸ್ ಆಗುತ್ತದೆ ಅಂತ ಗೊತ್ತಾದಾಗ ಮನೆಯಲ್ಲಿ ಕುಣಿದಾಡಿದ್ದೆ. ಮೊದಲ ಎಪಿಸೋಡ್ ಮುಗಿಯುವಷ್ಟರಲ್ಲಿ ಸಿಟ್ಟು ನೆತ್ತಿಗೇರಿತ್ತು. ಬೈಯುತ್ತಲೇ ಮೂರೂ ಸೀಸನ್ ನೋಡಿದೆ. 2025ರಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಿದರು ಅಂತ ಓದಿದಾಗ ಕಣ್ಣಲ್ಲಿ ನೀರು ಬಂತು. ‘ನಿನಗೆ ಬೇಕಿತ್ತೋ ಬೇಡವಾಗಿತ್ತೋ ಮೊದಲು ತೀರ್ಮಾನ ಮಾಡು’ ಅಂತ ನಮ್ಮ ಯಜಮಾನರು ನಗುತ್ತಾರೆ. ನನ್ನಂಥವರಿಗೆ ಹೀಗೇಕಾಗುತ್ತದೆ? ಇನ್ನೊಂದು ಪ್ರಶ್ನೆ: ಹದಿಮೂರು ವರ್ಷದ ಮಗಳಿಗೂ ಇಂಥ ಕಥೆಗಳ ಹುಚ್ಚು ಹತ್ತುತ್ತಿದೆ. ಅವಳಿಗೆ ಮೊದಲು ಪುಸ್ತಕ ಕೊಡಲೋ, ಸಿನಿಮಾ ತೋರಿಸಲೋ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲು ನಿಮ್ಮ ಯಜಮಾನರಿಗೆ ಒಂದು ಮಾತು. ಮದುವೆ ಮನೆಯಲ್ಲಿ ಹುಡುಗಿಯ ಅಮ್ಮ ಬೆಳಿಗ್ಗೆಯಿಂದ ಬೀಗರ ಮೇಲೆ ಸಿಡಿಮಿಡಿ ಅನ್ನುತ್ತಿರುತ್ತಾರೆ. ಸಂಜೆ ಹುಡುಗಿಯನ್ನು ಕಳಿಸಿಕೊಡುವಾಗ ಅಳುತ್ತಾರೆ. ಆ ತಾಯಿಗೆ ಮದುವೆ ಬೇಕಿತ್ತೋ ಬೇಡವಾಗಿತ್ತೋ ಅಂತ ಯಾರೂ ಕೇಳುವುದಿಲ್ಲ, ಅಲ್ವಾ? ನಿಮ್ಮದೂ ಹಾಗೇ.

ಕಾದಂಬರಿ ಸಿನಿಮಾ ಆಗುವಾಗ ಏನು ಉಳಿಯುತ್ತದೆ, ಏನು ಹೋಗುತ್ತದೆ ಅನ್ನುವುದನ್ನು ಪಾಠ ಮಾಡುವುದು ನನ್ನ ಕೆಲಸ. ಆದರೆ ಈ ಪ್ರಶ್ನೆಗೆ ಮೇಷ್ಟ್ರಾಗಿ ಉತ್ತರ ಹೇಳುವ ಮೊದಲು ಓದುಗನಾಗಿ ಹೇಳುತ್ತೇನೆ.

ಟಾಲ್ಕಿನ್ ಅವರ ‘ಲಾರ್ಡ್ ಆಫ್ ದಿ ರಿಂಗ್ಸ್’ ಅನ್ನು ನಾನು ಓದಿದ್ದು ಒಂದು ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದು. ಆಗ ಸಿನಿಮಾ ಬಂದಿರಲಿಲ್ಲ. ಇಂಗ್ಲೆಂಡಿನ ಹಳ್ಳಿ ಹೇಗಿರುತ್ತದೆ ಅಂತ ನನಗೇನು ಗೊತ್ತು? ಹಾಬಿಟ್ ಅನ್ನುವ ಗಿಡ್ಡ ಜನರ ಊರು ಶೈರ್ ನನ್ನ ತಲೆಯಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜಿಯ ಊರಾಗಿತ್ತು. ಹಾಬಿಟ್ ಬಿಲ್ಬೋನ ದುಂಡು ಬಾಗಿಲ ಮುಂದೆ ಅಡಿಕೆ ಒಣಗಿಸುವ ಅಂಗಳ ಇತ್ತು. ಮಂತ್ರವಾದಿ ಗ್ಯಾಂಡಾಲ್ಫ್‌ಗೆ ನಮ್ಮ ಬೀದಿಯ ಕೊನೆಯ ಮನೆಯ ನಿವೃತ್ತ ಮೇಷ್ಟ್ರ ಮುಖ. ಅದೇ ಗಡ್ಡ, ಅದೇ ಸಿಡುಕು, ಮಕ್ಕಳಿಗೆ ಮಾತ್ರ ಜೇಬಿನಲ್ಲಿ ಪೆಪ್ಪರ್‌ಮೆಂಟು. 2001ರಲ್ಲಿ ಪೀಟರ್ ಜಾಕ್ಸನ್ ಅವರ ಮೊದಲ ಸಿನಿಮಾ ಬಂತು. ಚೆನ್ನಾಗಿತ್ತು, ಬಹಳ ಚೆನ್ನಾಗಿತ್ತು. ಆದರೆ ಮೂರು ಗಂಟೆಯಲ್ಲಿ ನಮ್ಮ ಮೇಷ್ಟ್ರು ಎದ್ದು ಹೋದರು, ಆ ಜಾಗದಲ್ಲಿ ಇಯಾನ್ ಮೆಕೆಲ್ಲನ್ ಬಂದು ಕೂತರು. ಅಡಿಕೆ ಅಂಗಳ ಹೋಯಿತು, ನ್ಯೂಜಿಲೆಂಡಿನ ಮಟಮಟಾದ ಹಸಿರು ಗುಡ್ಡ ಬಂತು. ಪುಸ್ತಕದಲ್ಲಿ ನಾಯಕ ಫ್ರೋಡೊ ಊರು ಬಿಟ್ಟು ಹೊರಡುವಾಗ ಅವನ ವಯಸ್ಸು 50. ಈಗ ಆ ಪುಟ ತೆರೆದರೆ ಕಾಣುವುದು ಮೀಸೆ ಮೂಡದ ಹುಡುಗನೊಬ್ಬನ ದೊಡ್ಡ ನೀಲಿ ಕಣ್ಣು. ಎಷ್ಟು ಪ್ರಯತ್ನಪಟ್ಟರೂ ಮೇಷ್ಟ್ರು ವಾಪಸ್ ಬರುವುದಿಲ್ಲ.

ಇದು ನಮ್ಮ ಕಡೆಯ ಓದುಗರಿಗೆ ಸ್ವಲ್ಪ ಜಾಸ್ತಿಯೇ ಆಗುವ ನಷ್ಟ. ಆಕ್ಸ್‌ಫರ್ಡ್ ಸುತ್ತಮುತ್ತ ಬೆಳೆದವನಿಗೆ ಶೈರ್ ಗುರುತಿನ ಊರು. ನಮಗೆ ಅದು ಪೂರ್ತಿ ಖಾಲಿ ಜಾಗ. ಖಾಲಿ ಜಾಗವನ್ನು ನಮ್ಮಲ್ಲಿ ಇದ್ದದ್ದರಿಂದಲೇ ತುಂಬಿಕೊಂಡೆವು. ಬೆಂಗಳೂರಿನ ಕಥೆಯಾದರೆ ಬೆಂಗಳೂರು ಮೊದಲೇ ಇದೆ, ಕಥೆ ಅದರೊಳಗೆ ನಡೆಯುತ್ತದೆ. ಫ್ಯಾಂಟಸಿಯಲ್ಲಿ ಊರನ್ನೇ ಓದುಗ ಕಟ್ಟಬೇಕು. ಇಟ್ಟಿಗೆ, ಗಾರೆ ಲೇಖಕರದ್ದು, ಗೋಡೆ ಎಬ್ಬಿಸುವ ಕೆಲಸ ನಮ್ಮದು. ನೀವು ಜೋರ್ಡನ್ ಅವರ 14 ಸಂಪುಟಗಳನ್ನು ಮೂರು ಸಲ ಓದಿದ್ದೀರಿ. ಅಂದರೆ ಮೂರು ಸಲ ಮನೆ ಕಟ್ಟಿದ್ದೀರಿ. ಈಗ ಯಾರೋ ಬಂದು ಬೀಗದ ಕೈ ತೋರಿಸಿ ‘ಮನೆ ಹೀಗಿದೆ ನೋಡಿ’ ಅಂದರೆ ಸಿಟ್ಟು ಬರದೇ ಇರುತ್ತಾ?

ಈ ಸಂಕಟ ಬರೆದವರಿಗೂ ತಪ್ಪಿದ್ದಲ್ಲ. ಆರ್. ಕೆ. ನಾರಾಯಣ್ ಅವರ ಮಾಲ್ಗುಡಿ ಭೂಪಟದಲ್ಲಿಲ್ಲದ ಊರು. ‘ಗೈಡ್’ ಹಿಂದಿ ಸಿನಿಮಾ ಆದಾಗ ಆ ಊರನ್ನು ಎತ್ತಿ ರಾಜಸ್ಥಾನದ ಅರಮನೆಗಳ ನಡುವೆ ಇಟ್ಟರು. ನಾರಾಯಣ್ ಬೇಜಾರು ಮಾಡಿಕೊಂಡು, ಗೈಡ್ ದಾರಿ ತಪ್ಪಿದ ಅನ್ನುವ ಅರ್ಥ ಬರುವ ತಲೆಬರಹ ಕೊಟ್ಟು ಒಂದು ಪ್ರಬಂಧವನ್ನೇ ಬರೆದರು. ಆಮೇಲೆ ಶಂಕರ್‌ನಾಗ್ ಆಗುಂಬೆಯಲ್ಲಿ ಮಾಲ್ಗುಡಿಯನ್ನು ಕಟ್ಟಿದರು. ಈಗ ನಮ್ಮಲ್ಲಿ ಅರ್ಧ ಜನಕ್ಕೆ ಮಾಲ್ಗುಡಿ ಅಂದರೆ ಆಗುಂಬೆಯೇ. ಅದನ್ನು ಯಾರೂ ಕಳವು ಅನ್ನುವುದಿಲ್ಲ.

ಹಾಗಾದರೆ ಪರದೆಗೆ ಬಂದದ್ದೆಲ್ಲ ನೋವು ಕೊಡುವುದಿಲ್ಲ ಅಂತಾಯಿತು. ಯಾವುದು ಕೊಡುತ್ತದೆ?

‘ಪುಸ್ತಕದಲ್ಲಿದ್ದದ್ದನ್ನು ಬಿಟ್ಟರು, ಅದಕ್ಕೇ ಫ್ಯಾನ್‌ಗಳಿಗೆ ಕೋಪ’ ಅನ್ನುವುದು ಸಾಮಾನ್ಯವಾಗಿ ಕೇಳುವ ಮಾತು. ನನಗೆ ಅದು ಪೂರ್ತಿ ಸರಿ ಅನ್ನಿಸಿಲ್ಲ. ಜಾಕ್ಸನ್ ಟಾಮ್ ಬಾಂಬಡಿಲ್ ಅನ್ನುವ ಪಾತ್ರವನ್ನು ಇಡಿಯಾಗಿ ಕೈಬಿಟ್ಟರು. ಕೊನೆಯಲ್ಲಿ ಹಾಬಿಟ್‌ಗಳು ಮರಳಿ ಬಂದು ತಮ್ಮ ಊರನ್ನೇ ದುಷ್ಟರಿಂದ ಬಿಡಿಸಿಕೊಳ್ಳುವ ದೊಡ್ಡ ಅಧ್ಯಾಯವೂ ಸಿನಿಮಾದಲ್ಲಿ ಇಲ್ಲ. ಓದುಗರು ಗೊಣಗಿದರು, ಬಿಟ್ಟರು. ಆದರೆ ಫರಾಮಿರ್ ವಿಷಯ ಇವತ್ತಿಗೂ ಬಿಟ್ಟಿಲ್ಲ. ಫ್ರೋಡೊ ಹೊತ್ತು ಸಾಗುವ ಮಾಯದ ಉಂಗುರ ಎಂಥವರ ಮನಸ್ಸನ್ನೂ ಕೆಡಿಸುವಂಥದ್ದು. ದಾರಿಯಲ್ಲಿ ಅವನಿಗೆ ಎದುರಾಗುವ ದಂಡನಾಯಕ ಫರಾಮಿರ್, ಪುಸ್ತಕದಲ್ಲಿ, ದಾರಿಯಲ್ಲಿ ಬಿದ್ದಿದ್ದರೂ ಆ ಉಂಗುರ ನನಗೆ ಬೇಡ ಅನ್ನುವ ಮನುಷ್ಯ. ಸಿನಿಮಾದ ಫರಾಮಿರ್ ಫ್ರೋಡೊನನ್ನು ಹಿಡಿದು ತನ್ನ ತಂದೆಗೆ ಒಪ್ಪಿಸಲು ಹೊರಡುತ್ತಾನೆ. ಸಿನಿಮಾ ಮಾಡಿದವರ ಲೆಕ್ಕ ನನಗೆ ಅರ್ಥವಾಗುತ್ತದೆ: ಎರಡು ಸಿನಿಮಾ ಪೂರ್ತಿ ಉಂಗುರ ಎಂಥವರನ್ನೂ ಕೆಡಿಸುತ್ತದೆ ಅಂತ ಹೆದರಿಸಿ, ಒಬ್ಬ ಮಾತ್ರ ‘ಬೇಡಪ್ಪ’ ಅಂದುಬಿಟ್ಟರೆ ನೋಡುವವರ ಹೆದರಿಕೆ ಇಳಿದುಹೋಗುತ್ತದೆ. ಲೆಕ್ಕ ಸರಿ. ಆದರೆ ಅಂಥವನೂ ಒಬ್ಬ ಇರಬಹುದು ಅನ್ನುವುದೇ ಟಾಲ್ಕಿನ್ ಹೇಳಿದ್ದು.

ಬಿಟ್ಟದ್ದನ್ನು ಓದುಗ ಮನಸ್ಸಿನಲ್ಲೇ ತುಂಬಿಕೊಳ್ಳುತ್ತಾನೆ. ಆ ಲೋಕದ ಕಟ್ಟಳೆ ಮುರಿದರೆ ಮಾತ್ರ ತುಂಬಿಕೊಳ್ಳಲು ಏನೂ ಉಳಿಯುವುದಿಲ್ಲ. ಫ್ಯಾಂಟಸಿಯಲ್ಲಿ ಏನು ಬೇಕಾದರೂ ಆಗಬಹುದು ಅಂತ ಹೊರಗಿನವರು ತಿಳಿದಿರುತ್ತಾರೆ. ನಿಮಗೆ ಗೊತ್ತಿದೆ, ಅದು ಉಲ್ಟಾ. ಅಲ್ಲಿ ಕಟ್ಟಳೆ ನಮ್ಮ ಲೋಕಕ್ಕಿಂತ ಬಿಗಿ.

ನಿಮ್ಮ ಮೊದಲ ಸೀಸನ್‌ನ ಸಿಟ್ಟನ್ನೇ ತೆಗೆದುಕೊಳ್ಳಿ. ಜೋರ್ಡನ್ ಅವರ ಲೋಕದಲ್ಲಿ ಮಂತ್ರಶಕ್ತಿಗೆ ಎರಡು ಪಾಲು, ಹೆಂಗಸರದ್ದೊಂದು, ಗಂಡಸರದ್ದೊಂದು. ಗಂಡಸರ ಪಾಲಿಗೆ ವಿಷ ಬೆರೆತಿದೆ. ಅದನ್ನು ಮುಟ್ಟಿದವನು ಇವತ್ತಲ್ಲ ನಾಳೆ ಹುಚ್ಚನಾಗುತ್ತಾನೆ. ಲೋಕವನ್ನು ಉಳಿಸಬೇಕಾದ ಡ್ರ್ಯಾಗನ್ (ಅಲ್ಲಿ ಅದು ಪ್ರಾಣಿಯಲ್ಲ, ಒಬ್ಬ ಮನುಷ್ಯನ ಬಿರುದು) ಮತ್ತೆ ಹುಟ್ಟುವುದು ಗಂಡಸಾಗಿಯೇ. ಅಂದರೆ ಉಳಿಸಲು ಬಂದವನೇ ಹುಚ್ಚನಾಗಿ ಎಲ್ಲರನ್ನೂ ಮುಗಿಸಬಹುದು. ಇಡೀ 14 ಸಂಪುಟ ನಿಂತಿರುವುದು ಈ ಭಯದ ಮೇಲೆ. ಸೀರೀಸ್ ಏನು ಮಾಡಿತು? ಡ್ರ್ಯಾಗನ್ ಹುಡುಗನೂ ಇರಬಹುದು, ಹುಡುಗಿಯೂ ಇರಬಹುದು, ಯಾರು ಅಂತ ಕಾದು ನೋಡಿ ಅಂದಿತು. ಹೊಸಬರಿಗೆ ಕುತೂಹಲ ಇರಲಿ ಅಂತ. ಹೊಸಬರಿಗೆ ಅದು ಒಳ್ಳೆಯ ಒಗಟು. ನಿಮಗೆ ಅಡಿಪಾಯದ ಕಲ್ಲನ್ನೇ ಕಿತ್ತ ಹಾಗೆ.

ಪೆರಿನ್ ವಿಷಯವೂ ಇದೆ. ಕಮ್ಮಾರನ ಕೆಲಸ ಕಲಿಯುವ, ತನ್ನ ತೋಳ್ಬಲಕ್ಕೆ ತಾನೇ ಹೆದರುವ ನಿಧಾನದ ಹುಡುಗ. ಅವನ ಹೆದರಿಕೆ ಪುಸ್ತಕದಲ್ಲಿ ಅವನ ತಲೆಯೊಳಗೇ ನಡೆಯುತ್ತದೆ. ತಲೆಯೊಳಗಿನದ್ದನ್ನು ಕ್ಯಾಮೆರಾ ತೋರಿಸಲಾರದು. ಚಿತ್ರಕಥೆ ಬರೆಯುವವರಿಗೆ ನಿಜವಾಗಲೂ ಇರುವ ಕಷ್ಟ ಇದು. ಹಾಗಂತ ಅವರು ಅವನಿಗೆ ಪುಸ್ತಕದಲ್ಲಿ ಆ ಹೊತ್ತಿಗೆ ಇಲ್ಲದ ಒಬ್ಬ ಹೆಂಡತಿಯನ್ನು ತಂದರು. ಮೊದಲ ಎಪಿಸೋಡ್‌ನಲ್ಲೇ, ಗಲಾಟೆಯಲ್ಲಿ, ಅವನ ಕೈಯಿಂದಲೇ ಅವಳು ಸಾಯುವ ಹಾಗೆ ಮಾಡಿದರು. ಜೋರ್ಡನ್ ತೀರಿಕೊಂಡ ಮೇಲೆ ಸರಣಿಯನ್ನು ಮುಗಿಸಿದ ಬ್ರ್ಯಾಂಡನ್ ಸ್ಯಾಂಡರ್ಸನ್ ಇದನ್ನು ತಾವು ಒಪ್ಪಿರಲಿಲ್ಲ ಅಂತ ಬಹಿರಂಗವಾಗಿಯೇ ಹೇಳಿದ್ದಾರೆ. ನನ್ನ ಅಭಿಪ್ರಾಯವೂ ಅದೇ: ರೋಗ ಸರಿಯಾಗಿ ಗುರುತಿಸಿದರು, ಔಷಧ ತಪ್ಪು ಕೊಟ್ಟರು. ಹೆಂಡತಿಯನ್ನು ಕೊಂದವನ ದುಃಖ ಬೇರೆ, ಯಾರನ್ನಾದರೂ ನೋಯಿಸಿಬಿಡುತ್ತೇನೇನೋ ಅನ್ನುವವನ ಅಳುಕು ಬೇರೆ.

ಆದರೆ ನ್ಯಾಯವಾಗಿ ಹೇಳಬೇಕು. ಮೊದಲ ಪುಸ್ತಕ ಪೇಪರ್‌ಬ್ಯಾಕ್‌ನಲ್ಲಿ ಸುಮಾರು 800 ಪುಟ. ಅದಕ್ಕೆ ಸಿಕ್ಕಿದ್ದು 8 ಎಪಿಸೋಡ್. ಚಿತ್ರೀಕರಣದ ಮಧ್ಯೆ ಕೋವಿಡ್ ಬಂದು ಕೆಲಸ ನಿಂತಿತು. ಮ್ಯಾಟ್ ಪಾತ್ರ ಮಾಡುತ್ತಿದ್ದ ನಟ ಮೊದಲ ಸೀಸನ್ ಮುಗಿಯುವ ಮೊದಲೇ ಹೊರಟುಹೋದರು. ಮುಖ್ಯ ಪಾತ್ರವೇ ಇಲ್ಲದೆ ಕೊನೆಯ ಎಪಿಸೋಡ್‌ಗಳನ್ನು ಹೊಸದಾಗಿ ಹೆಣೆಯಬೇಕಾಯಿತು. ನಿಮ್ಮ ಸಿಟ್ಟಿನಲ್ಲಿ ಒಂದು ಪಾಲನ್ನು ಅದೃಷ್ಟಕ್ಕೂ ಕೊಡಿ.

ಕಟ್ಟಳೆ ಮುರಿಯುವುದು ಅಂದರೇನು ಅಂತ ಪಾಠ ಮಾಡುವಾಗ ನಾನು ಯಾವಾಗಲೂ ಹೇಳುವ ಉದಾಹರಣೆ ಇನ್ನೊಂದು. ಅರ್ಸುಲಾ ಲೆಗ್ವಿನ್ ಅವರ ‘ಅರ್ಥ್‌ಸೀ’. ಮೊದಲ ಪುಸ್ತಕ ಬಂದದ್ದು 1968ರಲ್ಲಿ. ಸಮುದ್ರದ ತುಂಬ ನೂರಾರು ದ್ವೀಪಗಳು. ಅಲ್ಲಿ ಪ್ರತಿಯೊಂದಕ್ಕೂ ಒಂದು ನಿಜವಾದ ಹೆಸರಿದೆ. ಆ ಹೆಸರು ಗೊತ್ತಿದ್ದವನಿಗೆ ಅದರ ಮೇಲೆ ಹಿಡಿತ. ಹಾಗಾಗಿ ಮನುಷ್ಯರು ತಮ್ಮ ನಿಜದ ಹೆಸರನ್ನು ಪ್ರಾಣದ ಹಾಗೆ ಬಚ್ಚಿಟ್ಟುಕೊಳ್ಳುತ್ತಾರೆ. ಊರವರಿಗೆ ಬೇರೆ ಹೆಸರು. ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕರೆಯುವ ಹೆಸರು ಒಂದು, ಪುರೋಹಿತರು ಮಗುವಿನ ಕಿವಿಯಲ್ಲಿ ಹೇಳುವ ಹೆಸರು ಇನ್ನೊಂದು. ನಾಯಕನನ್ನು ಎಲ್ಲರೂ ಕರೆಯುವುದು ಸ್ಪ್ಯಾರೋಹಾಕ್ ಅಂತ. ಗೆಡ್ ಅನ್ನುವುದು ಅವನ ಗುಟ್ಟಿನ ಹೆಸರು. ಅದನ್ನು ಒಬ್ಬ ಗೆಳೆಯನ ನಂಬಿಕೆಗೆ ಒಪ್ಪಿಸುವುದು ಕಥೆಯ ದೊಡ್ಡ ಗಳಿಗೆಗಳಲ್ಲಿ ಒಂದು.

2004ರ ಡಿಸೆಂಬರಿನಲ್ಲಿ ಅಮೆರಿಕದ ಸೈಫೈ ಚಾನೆಲ್ ಇದನ್ನು ಎರಡು ಭಾಗದ ಸೀರೀಸ್ ಮಾಡಿತು. ಹೆಸರುಗಳನ್ನು ಅದಲು ಬದಲು ಮಾಡಿಬಿಟ್ಟರು! ಎಲ್ಲರೂ ಬೀದಿಯಲ್ಲಿ ಗೆಡ್, ಗೆಡ್ ಅಂತ ಕೂಗುತ್ತಾರೆ. ಗುಟ್ಟಿನ ಹೆಸರು ಸ್ಪ್ಯಾರೋಹಾಕ್ ಅಂತೆ. ಸುಮ್ನೆ ಎರಡು ಪದ ಆ ಕಡೆ ಈ ಕಡೆ ಆಗಿದೆ ಅನ್ನಿಸಬಹುದು. ಆದರೆ ಇಡೀ ಕಥೆ ಹೆಸರಿನ ಬಗ್ಗೆಯೇ ಇರುವಾಗ ಹೆಸರನ್ನೇ ತಪ್ಪಿಸಿದರೆ ಉಳಿಯುವುದೇನು? ಇದರ ಮೇಲೆ ಇನ್ನೊಂದು. ಪುಸ್ತಕದ ಗೆಡ್ ಕೆಂಪು ಕಂದು ಬಣ್ಣದವನು. ಅವನ ಗೆಳೆಯ ವೆಚ್ ಕಪ್ಪು. ಆ ದ್ವೀಪಗಳಲ್ಲಿ ಬಿಳಿಯರೇ ಕಡಿಮೆ. ಫ್ಯಾಂಟಸಿಯ ನಾಯಕರೆಲ್ಲ ಬಿಳಿಯರೇ ಯಾಕಾಗಬೇಕು ಅಂತ ಯೋಚಿಸಿಯೇ ಲೆಗ್ವಿನ್ ಹಾಗೆ ಬರೆದದ್ದು. ಸೀರೀಸ್‌ನಲ್ಲಿ ಗೆಡ್ ಬಿಳಿ ಹುಡುಗ. ಸೀರೀಸ್ ಬಂದ ತಿಂಗಳೇ ಲೆಗ್ವಿನ್ ‘ಸ್ಲೇಟ್’ ಪತ್ರಿಕೆಯಲ್ಲಿ ಲೇಖನ ಬರೆದು, ನನ್ನ ಪುಸ್ತಕಕ್ಕೆ ಸುಣ್ಣ ಬಳಿದರು ಅಂತ ನೇರವಾಗಿ ಹೇಳಿದರು.

ಇದಕ್ಕಿಂತ ನನಗೆ ಜಾಸ್ತಿ ಕಾಡುವುದು ಮುಂದಿನ ಕಥೆ. ಜಪಾನಿನ ಹಯಾವೊ ಮಿಯಾಝಾಕಿ 1980ರ ದಶಕದ ಆರಂಭದಲ್ಲೇ ಅರ್ಥ್‌ಸೀಯನ್ನು ಆನಿಮೇಷನ್ ಮಾಡುತ್ತೇನೆ ಅಂತ ಕೇಳಿದ್ದರು. ಲೆಗ್ವಿನ್‌ಗೆ ಆಗ ಅವರು ಯಾರು ಅಂತಲೇ ಗೊತ್ತಿರಲಿಲ್ಲ. ಬೇಡ ಅಂದರು. ಎಷ್ಟೋ ವರ್ಷದ ಮೇಲೆ ಅವರ ‘ಮೈ ನೇಬರ್ ಟೊಟೊರೊ’ ನೋಡಿ ಮನಸೋತರು. ಈ ಸಲ ಒಪ್ಪಿಗೆ ಕೊಟ್ಟರು. ಆದರೆ ನಿರ್ದೇಶನ ಮಾಡಿದ್ದು ಅಪ್ಪ ಅಲ್ಲ, ಮಗ ಗೊರೊ ಮಿಯಾಝಾಕಿ. ಅದು ಅವರ ಮೊದಲ ಸಿನಿಮಾ. 2006ರಲ್ಲಿ ಲೆಗ್ವಿನ್ ಅದನ್ನು ನೋಡಿದ ಮೇಲೆ ಹೇಗಿತ್ತು ಅಂತ ಗೊರೊ ಕೇಳಿದರು. ಇದು ನನ್ನ ಪುಸ್ತಕ ಅಲ್ಲ, ನಿಮ್ಮ ಸಿನಿಮಾ, ಒಳ್ಳೆಯ ಸಿನಿಮಾ ಅಂದರು ಲೆಗ್ವಿನ್. ಎಂಥ ಉತ್ತರ ನೋಡಿ! ಮನೆಗೆ ಬಂದ ಹುಡುಗನಿಗೆ ನೋವೂ ಮಾಡಲಿಲ್ಲ, ಸುಳ್ಳೂ ಹೇಳಲಿಲ್ಲ. ಪೂರ್ತಿ ಅಸಮಾಧಾನ ಏನು ಅನ್ನುವುದನ್ನು ಆಮೇಲೆ ಬರೆದರು.

ಇಷ್ಟು ಹೇಳಿದ ಮೇಲೆ ನನ್ನ ವಾದಕ್ಕೆ ನಾನೇ ಅಡ್ಡ ಬರಬೇಕು. ಕಟ್ಟಳೆ ಮುರಿದರೆ ನೋವು ಅಂತಾದರೆ, ನಮ್ಮವರಿಗೆ ಯಾಕೆ ಆಗಲಿಲ್ಲ? ಪಂಪ ಸಾವಿರ ವರ್ಷದ ಹಿಂದೆಯೇ ಮಹಾಭಾರತವನ್ನು ಕನ್ನಡಕ್ಕೆ ತರುವಾಗ ದ್ರೌಪದಿಯನ್ನು ಅರ್ಜುನ ಒಬ್ಬನಿಗೇ ಮದುವೆ ಮಾಡಿಸಿದ. ಐವರು ಗಂಡಂದಿರ ಕಥೆಯಲ್ಲಿ ನಾಲ್ವರನ್ನು ತೆಗೆದೇಬಿಟ್ಟ. ಪೆರಿನ್‌ಗೆ ಒಬ್ಬ ಹೆಂಡತಿಯನ್ನು ತಂದದ್ದು ಇದರ ಮುಂದೆ ಏನೂ ಅಲ್ಲ. ತಾಳಮದ್ದಳೆಯಲ್ಲಿ ಒಬ್ಬ ಅರ್ಥಧಾರಿಯ ಕರ್ಣ ಗತ್ತಿನವನು, ಇನ್ನೊಬ್ಬರ ಕರ್ಣ ನೊಂದವನು. ನಾವು ತಲೆದೂಗುತ್ತೇವೆ. ಯಾರೂ ಮೂಲದಲ್ಲಿ ಹಾಗಿಲ್ಲ ಅಂತ ಎದ್ದು ಹೋಗುವುದಿಲ್ಲ.

ಯಾಕೆ ಅಂದರೆ ಈ ಕರ್ಣ ಹಿಡಿಸಲಿಲ್ಲವಾ, ನಾಳೆ ಪಕ್ಕದೂರಿನಲ್ಲಿ ಇನ್ನೊಬ್ಬ ಕರ್ಣ ಸಿಗುತ್ತಾನೆ. ಪಂಪ ಬೇಡವಾದರೆ ಕುಮಾರವ್ಯಾಸ ಇದ್ದಾನೆ. ಕಥೆ ಯಾರ ಬೀರುವಿನಲ್ಲೂ ಬೀಗ ಹಾಕಿಕೊಂಡು ಕೂತಿಲ್ಲ. ನಿಮ್ಮ ರಾಂಡ್, ಪೆರಿನ್, ಮೊರೇನ್ ಹಾಗಲ್ಲ. ಅವರ ಹಕ್ಕು ಒಂದು ಕಾಲಕ್ಕೆ ಒಬ್ಬರ ಹತ್ತಿರ. ಅವರು ಮಾಡಿದ್ದೇ ಉಂಟು, ಬಿಟ್ಟದ್ದೇ ಇಲ್ಲ. ನಿಮ್ಮ ಪಾಲಿಗೆ ಬರುವುದು ಒಂದೇ ಕರ್ಣ. ನಿಮ್ಮ ಸಿಟ್ಟು, ನಿಮ್ಮ ಅಳು, ಎರಡರ ಬೇರೂ ಇಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ಸಿಕ್ಕಿದ ಒಂದೇ ಅವಕಾಶವನ್ನು ಹಾಳು ಮಾಡುತ್ತಿದ್ದಾರಲ್ಲ ಅಂತ ಬೈದಿರಿ. ಆ ಒಂದೇ ಅವಕಾಶವೂ ಹೋಯಿತಲ್ಲ ಅಂತ ಅತ್ತಿರಿ.

ಈ ಹಕ್ಕಿನ ವ್ಯವಹಾರ ಎಷ್ಟು ವಿಚಿತ್ರ ಅನ್ನುವುದಕ್ಕೆ ನಿಮ್ಮ ಸರಣಿಯದ್ದೇ ಒಂದು ಪ್ರಸಂಗ ಇದೆ. 2015ರ ಫೆಬ್ರವರಿಯಲ್ಲಿ, ರಾತ್ರಿ ಒಂದೂವರೆಗೆ, ಅಮೆರಿಕದ ಒಂದು ಕೇಬಲ್ ಚಾನೆಲ್‌ನಲ್ಲಿ, ಕಾಸು ಕೊಟ್ಟು ಜಾಹೀರಾತು ಹಾಕುವ ಹೊತ್ತಿನಲ್ಲಿ, ‘ವಿಂಟರ್ ಡ್ರ್ಯಾಗನ್’ ಅನ್ನುವ ಅರ್ಧ ಗಂಟೆಯ ಕಾರ್ಯಕ್ರಮ ಸದ್ದಿಲ್ಲದೆ ಬಂದುಹೋಯಿತು. ಅದು ವೀಲ್ ಆಫ್ ಟೈಮ್‌ನ ಮೊದಲ ಪುಸ್ತಕದ ಮುನ್ನುಡಿ ಭಾಗ. ಮೊದಲೇ ಯಾರಿಗೂ ಹೇಳಿರಲಿಲ್ಲ. ಕೆಲವೇ ದಿನಗಳಲ್ಲಿ ಹಕ್ಕಿನ ಅವಧಿ ಮುಗಿಯುವುದರಲ್ಲಿತ್ತು. ಜೋರ್ಡನ್ ಅವರ ಪತ್ನಿ, ಅವರ ಪುಸ್ತಕಗಳ ಸಂಪಾದಕಿಯೂ ಆದ ಹ್ಯಾರಿಯೆಟ್ ಮೆಕ್‌ಡೂಗಲ್, ಇದು ನನಗೆ ತಿಳಿಸದೆ ಮಾಡಿದ್ದು ಅಂತ ಹೇಳಿಕೆ ಕೊಟ್ಟರು. ವಿಷಯ ಕೋರ್ಟಿಗೂ ಹೋಯಿತು. ಸೈಟು ಕೈತಪ್ಪದಿರಲಿ ಅಂತ ರಾತ್ರೋರಾತ್ರಿ ಶೆಡ್ ಹಾಕುವುದನ್ನು ನೀವು ನೋಡಿರುತ್ತೀರಿ. ಇದೂ ಅದೇ.

ಟಾಲ್ಕಿನ್ ಇದನ್ನೆಲ್ಲ ಮೊದಲೇ ಕಂಡುಕೊಂಡಿದ್ದರು. 1950ರ ದಶಕದಲ್ಲಿ ಸಿನಿಮಾದವರು ಬಂದಾಗ ಅವರದ್ದು ಒಂದೇ ನಿಲುವು, ಕಲೆ ಇಲ್ಲವೇ ಕಾಸು. ಕೆಡಿಸುವುದಾದರೆ ಕೈತುಂಬ ದುಡ್ಡು ಕೊಡಿ. ದುಡ್ಡು ಕೊಡಲಾರಿರಾ, ಬೇಡದ್ದನ್ನು ಬೇಡ ಅನ್ನುವ ಅಧಿಕಾರ ನನಗಿರಲಿ. ಆಗ ಬಂದ ಒಂದು ಚಿತ್ರಕಥೆಯನ್ನು ಓದಿ ಅವರು ಬರೆದ ಟೀಕೆ ಪುಟಗಟ್ಟಲೆ ಇದೆ. ಕಷ್ಟ ಬಂದಾಗಲೆಲ್ಲ ದೊಡ್ಡ ಹದ್ದುಗಳನ್ನು ಕರೆಸಿ ಪಾತ್ರಗಳನ್ನು ಹೊತ್ತೊಯ್ಯಿಸುವುದು ಅವರಿಗೆ ಚೂರೂ ಹಿಡಿಸಲಿಲ್ಲ. ಕೊನೆಗೆ 1969ರಲ್ಲಿ ಹಕ್ಕು ಮಾರಿದರು. ಜರ್ಮನಿಯ ಮಿಖಾಯೆಲ್ ಎಂಡೆಗೆ ಅಷ್ಟು ತಣ್ಣಗಿರಲು ಆಗಲಿಲ್ಲ. ಅವರ ‘ದಿ ನೆವರ್‌ಎಂಡಿಂಗ್ ಸ್ಟೋರಿ’ಯ ಅರ್ಧವನ್ನು ಮಾತ್ರ 1984ರಲ್ಲಿ ಸಿನಿಮಾ ಮಾಡಿದರು. ಎಂಡೆ ಕೋರ್ಟಿಗೆ ಹೋದರು, ಸೋತರು. ತಮಾಷೆ ಅಂದರೆ ಆ ಸಿನಿಮಾವನ್ನು ಬಾಲ್ಯದಲ್ಲಿ ನೋಡಿದ ಒಂದು ಪೀಳಿಗೆ ಅದನ್ನು ಜೀವಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತದೆ.

ಎರಡನೇ ಅವಕಾಶ ಸಿಗುವುದೇ ಇಲ್ಲ ಅಂತಲ್ಲ. ಪರ್ಸಿ ಜಾಕ್ಸನ್ ಕಥೆಗಳು 2010ರಲ್ಲಿ ಸಿನಿಮಾ ಆದಾಗ ಬರೆದ ರಿಕ್ ರಯರ್ಡನ್‌ಗೇ ಅದು ಬೇಡವಾಗಿತ್ತು. 2023ರ ಕೊನೆಗೆ ಅವರೇ ಜೊತೆಗೆ ನಿಂತು ಸೀರೀಸ್ ಮಾಡಿಸಿದರು. ಆದರೆ 13 ವರ್ಷ ಹೋಯಿತಲ್ಲ. ಮೊದಲ ಸಿನಿಮಾಕ್ಕೆ ಕಾದಿದ್ದ ಮಕ್ಕಳು ಅಷ್ಟರಲ್ಲಿ ಕೆಲಸಕ್ಕೆ ಸೇರಿದ್ದರು.

ಎಲ್ಲ ಸಿಟ್ಟಿಗೂ ನಾನು ವಕಾಲತ್ತು ವಹಿಸುವುದಿಲ್ಲ. ವೀಲ್ ಆಫ್ ಟೈಮ್‌ಗಾಗಲಿ, ಟಾಲ್ಕಿನ್ ಲೋಕದ್ದೇ ಆದ 2022ರ ಸೀರೀಸ್ ‘ದಿ ರಿಂಗ್ಸ್ ಆಫ್ ಪವರ್’ಗಾಗಲಿ ಕಪ್ಪು, ಕಂದು ಬಣ್ಣದ ನಟರು ಬಂದರು ಅಂತ ಕೆಲವರು ಕೂಗಾಡಿದರು. ಅದು ಪುಸ್ತಕದ ಮೇಲಿನ ಪ್ರೀತಿ ಅಂತ ನಾನು ನಂಬುವುದಿಲ್ಲ. ಗೆಡ್ ವಿಷಯ ಇದಕ್ಕಿಂತ ಬೇರೆ. ಅಲ್ಲಿ ಬಣ್ಣ ಲೇಖಕಿ ಬೇಕೆಂದೇ ಇಟ್ಟ ಕಟ್ಟಳೆ. ಟಾಲ್ಕಿನ್ ಸೀರೀಸ್‌ನ ನಟರಿಗೆ ಬೈಗುಳ ಬಂದಾಗ ಹಳೆಯ ಸಿನಿಮಾಗಳ ಹಾಬಿಟ್‌ಗಳೇ, ಎಲೈಜಾ ವುಡ್ ಮತ್ತು ಜೊತೆಗಾರರು, ಅವರ ಪರವಾಗಿ ಟೀಶರ್ಟ್ ಹಾಕಿಕೊಂಡು ನಿಂತರು. ನನಗೆ ಅದು ಇಷ್ಟವಾಯಿತು.

ಫ್ಯಾನ್‌ಗಳ ಕೂಗು ಕೆಲವೊಮ್ಮೆ ಕೆಲಸಕ್ಕೂ ಬರುತ್ತದೆ. ಜಾಕ್ಸನ್ ಅವರ ಎರಡನೇ ಸಿನಿಮಾಕ್ಕೆ, ಪುಸ್ತಕದಲ್ಲಿ ಆ ಯುದ್ಧದ ಹತ್ತಿರವೂ ಇಲ್ಲದ ಆರ್ವೆನ್ ಅನ್ನುವ ನಾಯಕಿ ಹೆಲ್ಮ್ಸ್ ಡೀಪ್ ಕೋಟೆಯಲ್ಲಿ ಕತ್ತಿ ಹಿಡಿದು ಹೋರಾಡುವ ದೃಶ್ಯಗಳನ್ನು ಚಿತ್ರೀಕರಿಸಿದ್ದರು. ಸುದ್ದಿ ಹೊರಬಿದ್ದು ಓದುಗರು ಗಲಾಟೆ ಎಬ್ಬಿಸಿದರು. ಕೊನೆಗೆ ಆ ಯೋಚನೆಯನ್ನೇ ಬಿಟ್ಟರು.

ಇನ್ನು ನಿಮ್ಮ ಕಣ್ಣೀರು. ಅದಕ್ಕೆ ಇನ್ನೂ ಒಂದು ಪದರ ಇದೆ. ವೀಲ್ ಆಫ್ ಟೈಮ್ ಓದುಗರಿಗೆ ಕಥೆ ಅರ್ಧಕ್ಕೆ ನಿಲ್ಲುವ ಭಯ ಹೊಸದಲ್ಲ. ಮೊದಲ ಸಂಪುಟ 1990ರಲ್ಲಿ ಬಂತು. 2007ರ ಸೆಪ್ಟೆಂಬರಿನಲ್ಲಿ ಜೋರ್ಡನ್ ಹೋಗಿಬಿಟ್ಟರು, ಕಥೆ ಮುಗಿದಿರಲಿಲ್ಲ. ಅವರು ಬಿಟ್ಟುಹೋದ ಟಿಪ್ಪಣಿಗಳನ್ನು ಇಟ್ಟುಕೊಂಡು ಸ್ಯಾಂಡರ್ಸನ್ ಇನ್ನೂ ಮೂರು ಸಂಪುಟ ಬರೆದು 2013ರಲ್ಲಿ ಮುಗಿಸಿದರು. ಒಂದು ಸಲ ಉಸಿರು ಬಿಗಿಹಿಡಿದು ಕಾದು ದಡ ಸೇರಿದವರು ನೀವು. ಸೀರೀಸ್ ನಿಂತಾಗ ಮತ್ತೆ ಅದೇ ನೀರಿಗೆ ಬಿದ್ದ ಹಾಗಾಯಿತು.

ಅದೂ ಯಾವಾಗ ನಿಂತಿತು! 24 ಎಪಿಸೋಡ್‌ಗಳಲ್ಲಿ ಕೊನೆಯ ಎಂಟು ಚೆನ್ನಾಗಿದ್ದವು ಅಂತ ಬೈದವರೂ ಒಪ್ಪಿಕೊಂಡ ಹೊತ್ತಿಗೆ. ಮೂರನೇ ಸೀಸನ್‌ನ ನಾಲ್ಕನೇ ಎಪಿಸೋಡ್ ನಿಮಗೆ ನೆನಪಿರಲೇಬೇಕು. ನಾಯಕ ರಾಂಡ್ ರುಯ್‌ಡಿಯನ್ ಅನ್ನುವ ಊರಿನ ಗಾಜಿನ ಕಂಬಗಳ ನಡುವೆ ನಡೆಯುತ್ತಾ ತನ್ನ ಹಿರಿಯರ ಬದುಕನ್ನು ಒಂದೊಂದಾಗಿ ಹಿಂದಕ್ಕೆ ನೋಡುತ್ತಾ ಹೋಗುತ್ತಾನೆ. ಪುಸ್ತಕದಲ್ಲಿ ಅದನ್ನು ಓದುವಾಗ ಹೆಜ್ಜೆ ಹೆಜ್ಜೆಗೂ ಮೈ ಜುಮ್ಮೆನ್ನುತ್ತದೆ. ಕತ್ತಿ ಮುಟ್ಟದೆ ಈಟಿ ಹಿಡಿಯುವ ಅವನ ಜನಾಂಗ ಒಂದು ಕಾಲಕ್ಕೆ ಯಾವ ಆಯುಧವನ್ನೂ ಮುಟ್ಟದವರಾಗಿದ್ದರು ಅಂತ ತಿಳಿಯುವ ಗಳಿಗೆ. ಸೀರೀಸ್‌ನಲ್ಲಿ ಆ ಹಿರಿಯರ ಪಾತ್ರಗಳನ್ನೆಲ್ಲ ರಾಂಡ್ ಆಗಿದ್ದ ಜೋಶಾ ಸ್ಟ್ರಾಡೋವ್ಸ್ಕಿಯೇ ಮಾಡಿದರು. ಒಂದೇ ಮುಖ, ಬೇರೆ ಬೇರೆ ಕಾಲ. ಇದು ಪುಸ್ತಕದಲ್ಲಿ ಬರೆದು ತೋರಿಸಲಾಗದ ಸಂಗತಿ. ಪರದೆ ಮಾತ್ರ ಮಾಡಬಲ್ಲ ಕೆಲಸ. ಅವತ್ತು ನಾನು ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಮೂರು ವರ್ಷದ ಬೈಗುಳವನ್ನು ವಾಪಸ್ ತೆಗೆದುಕೊಳ್ಳಬೇಕು ಅನ್ನಿಸಿತ್ತು. ಆಮೇಲೆ, ಮೇನಲ್ಲಿ, ನಿಲ್ಲಿಸಿದರು ಅನ್ನುವ ಸುದ್ದಿ ಬಂತು.

ಅದಕ್ಕೇ ನಿಮ್ಮ ಯಜಮಾನರಿಗೆ ಆ ಒಂದು ಎಪಿಸೋಡ್ ತೋರಿಸಿ. ಹಿಂದಿನದ್ದು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಪಕ್ಕದಲ್ಲಿ ಕೂತು ನೀವೇ ಹೇಳಿ.

ಮಗಳ ವಿಷಯಕ್ಕೆ ಬರುತ್ತೇನೆ. ನನ್ನ ಮತ ಪುಸ್ತಕಕ್ಕೆ. ಕಾರಣ ಮೇಲೆ ಹೇಳಿದ್ದೇ. ಒಂದು ಸಲ ಕಂಡ ಮುಖವನ್ನು ಅಳಿಸಲಾಗದು, ಓದುವಾಗ ಅವಳದ್ದೇ ಮುಖಗಳು ಮೊದಲು ಬರಲಿ. ಆದರೆ ಇದನ್ನು ವ್ರತದ ಹಾಗೆ ಹಿಡಿಯಬೇಡಿ. ನನ್ನ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನ ಟಾಲ್ಕಿನ್‌ಗೆ ಬಂದದ್ದು ಸಿನಿಮಾ ಬಾಗಿಲಿನಿಂದ. ಪುಸ್ತಕದ ಮೊದಲ ನೂರು ಪುಟ ನಿಧಾನ, ಹಾಬಿಟ್‌ಗಳ ವಂಶಾವಳಿಯೇ ಮುಗಿಯುವುದಿಲ್ಲ. ಮುಂದೆ ಏನಿದೆ ಅಂತ ಸಿನಿಮಾದಲ್ಲಿ ಕಂಡವರು ಆ ಪುಟಗಳನ್ನು ದಾಟಿದರು. ಕಾಣದವರು ಅರ್ಧದಲ್ಲೇ ಬಿಟ್ಟರು. ಗೆಳತಿಯರ ಜೊತೆ ಹ್ಯಾರಿ ಪಾಟರ್ ಸಿನಿಮಾ ನೋಡಿಕೊಂಡು ಬಂದರೆ ಬೈಯಬೇಡಿ ಮತ್ತೆ.

ವೀಲ್ ಆಫ್ ಟೈಮ್ ಸೀರೀಸ್ ಹದಿಮೂರಕ್ಕೆ ಬೇಡ. ರಕ್ತಪಾತ ಜಾಸ್ತಿ, ದೊಡ್ಡವರಿಗೆ ಅಂತಲೇ ಮಾಡಿದ್ದು. 14 ಸಂಪುಟಗಳ ರಾಶಿಯನ್ನು ಈಗಲೇ ಅವಳ ಮುಂದೆ ಇಟ್ಟು ಹೆದರಿಸುವುದೂ ಬೇಡ. ಅರ್ಥ್‌ಸೀಯ ಮೊದಲ ಪುಸ್ತಕ ಕೊಡಿ. ಇನ್ನೂರು ಪುಟದ ಆಸುಪಾಸು, ಒಂದು ದಸರಾ ರಜೆಗೆ ಸಾಕು. ಅದರಲ್ಲಿ ನಾಯಕ ದೊಡ್ಡ ತಪ್ಪು ಮಾಡುತ್ತಾನೆ, ಸೊಕ್ಕಿನಿಂದ. ಆಮೇಲೆ ಪುಸ್ತಕ ಪೂರ್ತಿ ಆ ತಪ್ಪಿನ ಬೆನ್ನು ಹತ್ತಿ ಸಮುದ್ರದ ಮೇಲೆ ಹೋಗುತ್ತಾನೆ. ಆ ವಯಸ್ಸಿನವರಿಗೆ ಅದು ಬೇಗ ಒಳಗಿಳಿಯುತ್ತದೆ.

ಅವಳು ಮುಗಿಸಿದ ಮೇಲೆ ಯಾವ ಸಿನಿಮಾವನ್ನೂ ತೋರಿಸುವ ಮೊದಲು ಗೆಡ್ ಹೇಗಿದ್ದ ಅಂತ ಕೇಳಿ, ನಿಮ್ಮವನು ಹೇಗಿದ್ದ ಅಂತಲೂ ಹೇಳಿ. ನನ್ನವನು ತುಂಗಾ ನದಿಯಲ್ಲಿ ದೋಣಿ ದಾಟಿಸುತ್ತಿದ್ದ ಒಬ್ಬ ಹುಡುಗನ ಹಾಗಿದ್ದ. ಕಪ್ಪಗೆ, ತೆಳ್ಳಗೆ, ಯಾರ ಮಾತನ್ನೂ ಕೇಳದವನು. ಅವನ ಮುಖವನ್ನು ಇಲ್ಲಿಯತನಕ ಯಾರೂ ಅಳಿಸಿಲ್ಲ. 2004ರ ಸೀರೀಸನ್ನು ನಾನು ಅರ್ಧ ಗಂಟೆಗೇ ಬಂದ್ ಮಾಡಿದ್ದೆ.